ಗೋಡೆಯ ತೂತು

“ಸಾಹೇಬ ಕುಡಿದ ನಿಶಾದಾಗ ಹೊಡೆದ ಗುಂಡಿನ ತೂತ ನೋಡ್ರಿ ಇದು,” ಎಂದು ಗೈಡ್ ಕುಬೇರ ಬ್ರಿಟಿಷರ ಕಾಲದ ಪಾಳು ಬಂಗಲೆಯ ಗೋಡೆ ತೋರಿಸಿದ. ಗಣೇಶಗುಡಿಯಲ್ಲಿ ರಾಫ್ಟಿಂಗ್ ಮುಗಿಸಿ ಬಂದಿದ್ದ ಪ್ರವಾಸಿಗರು ಮೊಬೈಲ್ ಎತ್ತಿದರು. ಕಸ ಗುಡಿಸುತ್ತಿದ್ದ ಗೋದುಬಾಯಿ ನಡುವೆ ಬಂದು ತೂತಿನೊಳಗೆ ಬೆರಳು ಹಾಕಿ ತಿರುವಿದಳು.

“ಗುಂಡು ಹೊಡೆದ್ರ ಇಷ್ಟು ನುಣ್ಣಗ ಆಗತೈತೇನೋ ತಮ್ಮಾ? ಇದು ಹಗ್ಗ ಉಜ್ಜಿ ಸವೆದದ್ದು. ಇಲ್ಲಿ ಮ್ಯಾಲೆ ದೊಡ್ಡ ಬಟ್ಟಿ ಪಂಖಾ ತೂಗ ಹಾಕಿದ್ರು. ಗೋಡಿ ಆಚಿಕಡೆ ಬಿಸಲಾಗ ನಮ್ಮಜ್ಜ ಕುಂತು, ಈ ತೂತಿನಾಗ ಹಾದು ಬಂದ ಅದರ ಹಗ್ಗ ಕಾಲ್ಬೆರಳಿಗೆ ಕಟ್ಕೊಂಡು ದಿನಾ ಎಳಿತಿದ್ದ.”

“ಗಾಳಿ ಚಲೋ ಬರ್ತಿತ್ತೇನ್ರಿ?” ಪ್ರವಾಸಿಗರಲ್ಲಿ ಒಬ್ಬಳು ಕೇಳಿದಳು.

“ಅಜ್ಜಗೇನು ಗೊತ್ತವಾ? ಅವನ್ನ ಒಂದಿನಾನೂ ಒಳಗ ಬಿಡ್ಲಿಲ್ಲ,” ಎಂದವಳೇ ಗೋದುಬಾಯಿ ಮತ್ತೆ ಕಸಬರಿಗೆ ಹಿಡಿದಳು.

ಮುಂದಿನ ಗುಂಪು ಬಂದಾಗ ಕುಬೇರ ಮುಂಬಾಗಿಲು ತೆರೆಯಲಿಲ್ಲ. ಬಂಗಲೆಯನ್ನು ಬಳಸಿ ಹಿಂದಿನ ಗೋಡೆಗೆ ಹೋದ. ತೂತಿನ ಕೆಳಗೆ ಚಪ್ಪಲಿ ಬಿಟ್ಟು, ಬಿಸಿಲಿಗೆ ಕಾದ ಕಲ್ಲಿನ ಮೇಲೆ ಕುಳಿತು, ಒಂದು ಕಾಲು ಮುಂದೆ ಚಾಚಿದ.

“ಬರ್ರಿ,” ಎಂದ, “ಇಲ್ಲಿಂದ ಶುರು ಮಾಡೂಣು.”