ಅಂಗಾಲಿನ ಮಣ್ಣು

ಮೂರು ಸಂಜೆಯಿಂದ ಮಗಳ ಅಂಗಾಲಿನಲ್ಲಿ ಮಣ್ಣು. ಮನೆಯಲ್ಲಿ ಸೊಂಟ ಬಿಟ್ಟು ಇಳಿಯದ, ಇನ್ನೂ ನಡೆಯದ ಕೂಸಿಗೆ ಮಣ್ಣು ಮೆತ್ತಿದ್ದೆಲ್ಲಿ?

"ಇಡೀ ದಿನ ಚಾಪೆ ಮೇಲೇ ಆಡ್ಕೊಂಡಿತ್ತು ಕಣಮ್ಮ," ಎಂದರು ಹಗಲು ತಮ್ಮ ಮನೆಯಲ್ಲಿ ಮಗುವನ್ನು ನೋಡಿಕೊಳ್ಳುವ ಜಲಜಮ್ಮ, ಕಣ್ಣು ತಪ್ಪಿಸಿ.

ಸುಳ್ಳು! ಕೂಸನ್ನು ನೆಲಕ್ಕೆ ಬಿಟ್ಟು ಹರಟೆಗೆ ಕೂರುತ್ತಾಳೆ ಮುದುಕಿ, ಎಂದುಕೊಂಡಳು ವಿನುತಾ. ಮರುದಿನ ಅರ್ಧ ದಿನ ರಜೆ ಹಾಕಿ, ಸದ್ದಿಲ್ಲದೆ ಬಂದು ಜಲಜಮ್ಮನ ಗೇಟಿನ ಸಂದಿಯಲ್ಲಿ ಇಣುಕಿದಳು.

ಅಂಗಳದಲ್ಲಿ ಮಗಳು ಯಾರ ಕೈಯನ್ನೂ ಹಿಡಿಯದೆ ತಟತಟನೆ ನಡೆಯುತ್ತಿದ್ದಳು.

"ಅವರಮ್ಮಂಗೆ ಇನ್ನೂ ಹೇಳಿಲ್ವಾ ಜಲಜಮ್ಮ?" ಪಕ್ಕದ ಮನೆಯಾಕೆ ಕೇಳುತ್ತಿದ್ದಳು.

"ಶ್! ನೀನೂ ಬಾಯ್ಬಿಡಬೇಡ ಕಣೆ. ಮೊದಲ್ನೇ ಹೆಜ್ಜೆ ಹೆತ್ತವಳ ಮುಂದೇನೇ ಇಡ್ಲಿ."