ಹನ್ನೆರಡನೆಯ ಕುರ್ಚಿ

ಸಂಜೆ ಐದಕ್ಕೆ ಸರಿಯಾಗಿ ಹನ್ನೊಂದು ಜೊತೆ ಕಾಲುಗಳು ಸಿದ್ಧವಾಗಿದ್ದವು. ಹನ್ನೆರಡನೆಯ ಜೊತೆ ಮಸ್ಕಿಯಲ್ಲಿ ಸಿಕ್ಕಿಕೊಂಡಿತ್ತು. ಲಿಂಗಸುಗೂರಿನಿಂದ ಬರಬೇಕಿದ್ದ ಇಂಜಿನಿಯರ್ ದುರುಗೇಶ ಅವರ ಕಾರಿನ ಟೈರು ಅಲ್ಲಿ ಪಂಕ್ಚರ್ ಆಗಿತ್ತು. ಸಿಂಧನೂರಿನ ಆ ಚಿಕ್ಕ ಚರ್ಚಿನ ಕಾರ್ಯದರ್ಶಿ ಶಿವಕಾಂತ ಫೋನನ್ನು ಕಿವಿಯಿಂದ ಇಳಿಸಿ, ಖಾಲಿ ಕುರ್ಚಿ ನೋಡಿ ಬೆವರು ಒರೆಸಿಕೊಂಡರು.

ಅಂದು ಶುಭ ಶುಕ್ರವಾರದ ಹಿಂದಿನ ದಿನ. ಶಿಲುಬೆಗೇರುವ ಮುನ್ನ ಯೇಸುಸ್ವಾಮಿ ತನ್ನ ಹನ್ನೆರಡು ಮಂದಿ ಶಿಷ್ಯರ ಕಾಲು ತೊಳೆದನಲ್ಲ, ಅದರ ನೆನಪಿಗೆ ಇಲ್ಲಿ ಪ್ರತಿವರ್ಷ ಪಾಸ್ಟರ್ ಹನ್ನೆರಡು ಮಂದಿಯ ಕಾಲು ತೊಳೆಯುತ್ತಾರೆ. ಒಡೆಯನೇ ಆಳಿನ ಕೆಲಸ ಮಾಡಿ ತೋರಿಸಿದ ಕಥೆ ಅದು. ಕಥೆಯೇನೋ ಹಾಗಿದೆ, ಆದರೆ ಆ ಹನ್ನೆರಡು ಕುರ್ಚಿಗೆ ನಡೆಯುವಷ್ಟು ವಶೀಲಿ ನಗರಸಭೆಯ ಟಿಕೆಟ್ಟಿಗೂ ನಡೆಯುವುದಿಲ್ಲ. ಈ ಸಲ ಬ್ಯಾಂಕಿನವರು, ಹೈಸ್ಕೂಲಿನ ಮೇಷ್ಟ್ರುಗಳು, ರೈಸ್ ಮಿಲ್ಲಿನ ಮ್ಯಾನೇಜರು ಎಲ್ಲರೂ ಇದ್ದರು. ಎಲ್ಲರೂ ಮನೆಯಲ್ಲೇ ಕಾಲು ತಿಕ್ಕಿ ತೊಳೆದುಕೊಂಡು ಬಂದಿದ್ದರು. ಒಬ್ಬರಂತೂ ಸಲೂನಿಗೆ ಹೋಗಿ ಉಗುರು ತೆಗೆಸಿದ್ದರು. ಶಿವಕಾಂತರ ಹಿಮ್ಮಡಿಯಿಂದ ಗಂಧದ ಸೋಪಿನ ವಾಸನೆ ಮೂರನೇ ಬೆಂಚಿನವರೆಗೂ ಬರುತ್ತಿತ್ತು. ಪಾಸ್ಟರಿಗೆ ತೊಳೆಯಲು ಏನೂ ಉಳಿಯದಂತೆ ನೋಡಿಕೊಳ್ಳುವುದು ಇಲ್ಲಿಯ ಮರ್ಯಾದೆ.

ಸ್ಟ್ಯಾಂಡಿಗೆ ಸಿಕ್ಕಿಸಿದ ಮೊಬೈಲಿನಲ್ಲಿ ಲೈವ್ ಆಗಲೇ ಶುರುವಾಗಿತ್ತು. ಶಿಷ್ಯರು ಹನ್ನೊಂದೇ ಆದರೆ ಅದನ್ನು ನೋಡುವ ಶಿವಕಾಂತರ ಹೈದರಾಬಾದಿನ ಬೀಗರು ನಗುತ್ತಾರೆ. ಪಾಸ್ಟರ್ ಕಣ್ಣು ಹಾಯಿಸಿದಾಗ ಬಾಗಿಲಲ್ಲಿ ಹೊನ್ನೂರಪ್ಪ ನಿಂತಿದ್ದ. ಊರಾಚೆಯ ಆರ್.ಎಚ್. ಕ್ಯಾಂಪಿನ ಗದ್ದೆಗೆ ಕಾಲುವೆಯ ಕೊನೆಯ ಪಾಳಿಯ ನೀರು ಹಾಯಿಸಿ ನೇರ ಬಂದವನು, ಮೊಣಕಾಲಿನವರೆಗೆ ಕರಿ ಕೆಸರು ಎಂದು ಒಳಗೆ ಕಾಲಿಟ್ಟಿರಲಿಲ್ಲ. ಪಾಸ್ಟರ್ ಅವನನ್ನೇ ಕೈಮಾಡಿ ಕರೆದರು.

ಇಪ್ಪತ್ತು ವರ್ಷದಿಂದ ಹೊನ್ನೂರಪ್ಪ ಈ ಕುರ್ಚಿ ಕೇಳುತ್ತಿದ್ದ, ಇಪ್ಪತ್ತು ವರ್ಷದಿಂದ ಶಿವಕಾಂತರು ಮುಂದಿನ ವರ್ಷ ನೋಡೋಣ ಎನ್ನುತ್ತಿದ್ದರು. ಊರಿನಲ್ಲಿ ಕಂಡವರ ಕಾಲಿಗೆಲ್ಲ ಬಿದ್ದು ಬದುಕಿದ ಮನುಷ್ಯ, ತನ್ನ ಕಾಲನ್ನೂ ಒಮ್ಮೆ ಯಾರಾದರೂ ಮುಟ್ಟಲಿ ಅಂದುಕೊಂಡರೆ ಅದೇನು ದುರಾಸೆಯಲ್ಲ. ಅವನು ಹೊಸ್ತಿಲು ದಾಟುವಷ್ಟರಲ್ಲಿ ಶಿವಕಾಂತರು ಎದ್ದು ಬಂದು ಅಡ್ಡ ನಿಂತರು.

"ಹಿಂಗ ಬರ್ತಾರೇನೋ? ಮದ್ಲು ಹೊರಗ ನಳದಾಗ ಕಾಲು ತೊಳಕೊಂಡು ಬಾ. ಅಯ್ಯನೋರು ನಿನ್ನ ಕಾಲು ತೊಳೀಬೇಕು."

ಹೊನ್ನೂರಪ್ಪ ತನ್ನ ಕಾಲು ನೋಡಿಕೊಂಡ. ಆಮೇಲೆ ಶಿವಕಾಂತರ ಮುಖ ನೋಡಿದ.

"ನಾನಽ ತೊಳಕೊಂಡು ಬಂದ್ರ ಅಯ್ಯನೋರು ಏನ್ ತೊಳೀತಾರ್ರಿ?"

ಬೆಂಚಿನಲ್ಲಿ ಯಾರೋ ಕೆಮ್ಮಿದರು. ಪಾಸ್ಟರ್ ಬೋಗುಣಿಯ ನೀರಿನಲ್ಲಿ ಗುಲಾಬಿ ಪಕಳೆ ಸರಿಪಡಿಸುವುದರಲ್ಲಿ ಮುಳುಗಿದ್ದರು. ಹೊನ್ನೂರಪ್ಪನೇ ಸೋತ, ನಳದ ಕಡೆ ನಡೆದ. ಆ ಬೋಗುಣಿಗೆ ನೀರು ತುಂಬಿಟ್ಟವಳು, ಬೆಳಿಗ್ಗೆ ಚರ್ಚಿನ ಕಸ ಹೊಡೆದವಳು, ಅವನ ಹೆಂಡತಿ ಕರೆಮ್ಮ. ಅವಳೂ ಹಿಂದೆಯೇ ಓಡಿದಳು.

ಎರೆಮಣ್ಣು ಅಷ್ಟು ಸುಲಭಕ್ಕೆ ಬಿಡುವ ಜಾತಿಯದಲ್ಲ. ಕರೆಮ್ಮ ಗಂಡನ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಇಟ್ಟಿಗೆ ಚೂರಿನಿಂದ ಉಜ್ಜಿದಳು. ಹಿಮ್ಮಡಿಯ ಒಂದೊಂದು ಬಿರುಕಿನಲ್ಲೂ ಇಡೀ ಸುಗ್ಗಿ ಕೂತಿತ್ತು. ಎರಡು ಕಡೆ ರಕ್ತ ಜಿನುಗಿತು. ಒಳಗೆ ಹಾಡು ಏರುತ್ತಿತ್ತು, ಹೊನ್ನೂರಪ್ಪ ಮದುಮಗನ ಹಾಗೆ ಅವಸರ ಮಾಡುತ್ತಿದ್ದ. ಕೊನೆಗೆ ಅವಳು ತನ್ನ ಸೆರಗಿನಿಂದ ಕಾಲು ಒರೆಸಿ, ಇನ್ನು ಹೋಗು ಎಂದು ಬೆನ್ನು ತಟ್ಟಿದಳು.

ಒಳಗೆ ಬಂದರೆ ಕುರ್ಚಿ ಖಾಲಿ ಇರಲಿಲ್ಲ. ಇಂಜಿನಿಯರ್ ಸಾಹೇಬರು ಬೇರೆ ಯಾರದೋ ಕಾರು ಹತ್ತಿ ಬಂದುಬಿಟ್ಟಿದ್ದರು. ಬೂಟು ಕಾಲುಚೀಲ ಕಳಚಿದ ಪಾದಗಳು ಇಡ್ಲಿಯಷ್ಟು ಬೆಳ್ಳಗಿದ್ದವು. ಪಾಸ್ಟರ್ ಮೊಣಕಾಲೂರಿ ಆ ಪಾದಗಳ ಮೇಲೆ ನೀರು ಹನಿಸುತ್ತಿದ್ದರು, ಮೊಬೈಲಿನಲ್ಲಿ ಆಮೆನ್‌ಗಳು ಉದುರುತ್ತಿದ್ದವು. ಶಿವಕಾಂತರು ಮೆಲ್ಲಗೆ ಹೊನ್ನೂರಪ್ಪನ ಹತ್ತಿರ ಬಂದು, ಬೇಜಾರು ಮಾಡ್ಕೋಬೇಡ, ಮುಂದಿನ ವರ್ಷದ ಪಟ್ಟಿಯಲ್ಲಿ ನಿನ್ನದೇ ಮೊದಲ ಹೆಸರು ಎಂದು ಸಮಾಧಾನ ಹೇಳಿದರು. ಹೊನ್ನೂರಪ್ಪ ತಲೆಯಾಡಿಸಿದ. ಜನ್ಮದಲ್ಲೇ ಮೊದಲ ಸಲ ಇಷ್ಟು ಸ್ವಚ್ಛವಾದ ಕಾಲುಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಗೋಡೆಗೆ ಒತ್ತಿಕೊಂಡು ನಿಂತ.

ಪಾಸ್ಟರ್ ಬೋಗುಣಿ ಎತ್ತಿ ಕರೆಮ್ಮನ ಕೈಗೆ ಕೊಟ್ಟರು. ಎಂದಿನಂತೆ ಅದನ್ನು ಹೊರಗೆ ಚೆಲ್ಲಿ ಬರಬೇಕಾದವಳು ಅವಳು. ಹನ್ನೆರಡು ಮಂದಿಯ ಕಾಲು ತೊಳೆದ ನೀರು ಕುಡಿಯುವ ಹಾಗಿತ್ತು. ಅವಳು ಬೋಗುಣಿ ಹಿಡಿದು ಅಲ್ಲೇ ನಿಂತಳು.

"ಅಯ್ಯನೋರ, ಒಂದು ಮಾತು ಕೇಳ್ತೀನ್ರಿ. ಯೇಸುಸ್ವಾಮಿನ ವೈರಿಗಳ ಕೈಗೆ ಹಿಡದು ಕೊಟ್ನಲ್ರಿ ಆ ಯೂದ, ಸ್ವಾಮಿ ಅವನ ಕಾಲೂ ತೊಳದಿದ್ನೇನ್ರಿ?"

ಪಾಸ್ಟರಿಗೆ ಇಂಥ ಪ್ರಶ್ನೆಯೆಂದರೆ ಇಷ್ಟ. ಲೈವ್ ಕೂಡ ನಡೆಯುತ್ತಿತ್ತು. ಅವರು ಮೊಬೈಲಿನ ಕಡೆ ತಿರುಗಿ ದನಿ ಎತ್ತರಿಸಿದರು.

"ತೊಳದಿದ್ದನವ್ವ. ತನಗ ದ್ರೋಹ ಮಾಡೋ ಮನುಷ್ಯಾ ಅಂತ ಗೊತ್ತಿದ್ರೂ ತೊಳದ. ಅದಽ ನಮ್ಮ ಸ್ವಾಮಿಯ ಪ್ರೀತಿ."

ಕರೆಮ್ಮ ಬೋಗುಣಿಯನ್ನು ಅವರ ಕಾಲ ಬಳಿಯೇ ಇಟ್ಟು, ಗಂಡನ ಕೈ ಹಿಡಿದಳು.

"ಬಾ ಹೋಗೂಣು. ನಾವು ಯೂದನ ಲೆಕ್ಕಕ್ಕೂ ಬರಂಗಿಲ್ಲ."