ಕವಳಿ ಹಣ್ಣಿನ ರುಚಿ

ಪಿಕಳಾರ ಹಕ್ಕಿ ಕವಳಿ ಹಣ್ಣನ್ನು ಕುಕ್ಕಿ, ಉಗುಳಿ, ಕೊಕ್ಕನ್ನು ಕೊಂಬೆಗೆ ಒರೆಸಿಕೊಂಡಿತು. ನೀಲವ್ವನ ಪಿತ್ತ ನೆತ್ತಿಗೇರಿತು. ಹಕ್ಕಿಗಳಿಗೆಂದೇ ಕೊಡ ಹೊತ್ತು ನೀರುಣಿಸಿ ಹಿತ್ತಲಲ್ಲಿ ಆ ಪೊದೆ ಬೆಳೆಸಿದ್ದಳು. ಹಕ್ಕಿಯೋ ಆಚೆಮನೆ ಗೋಡೆಗೆ ಹಾರಿ, ಈಗ ಮನುಷ್ಯರಿಗೂ ಹಕ್ಕಿಗಳಿಗೂ ಅನ್ನವೇ ಆಗಿರುವ ಕಾರ್ಖಾನೆಯ ಸಿಹಿ ಗುಳಿಗೆಗಳನ್ನು ಹೆಕ್ಕತೊಡಗಿತು.

"ನಾಚಿಕಿಲ್ಲದ್ದು! ನಾಲಗಿ ಕೆಡಿಸ್ಕೊಂಡು ಕುಂತೈತಿ."

"ಹಣ್ಣ ಹುಳಿ ಇರಬೇಕವ್ವಾ," ಎಂದ ಆಚೆಮನೆಯ ಫಕೀರಪ್ಪ, ತಾನೂ ಗುಳಿಗೆ ಚೀಪುತ್ತ.

"ಹುಳಿ? ಸಕ್ಕರಿ ಅದು! ಸಣ್ಣಾಕಿದ್ದಾಗ ಬೊಗಸಿಗಟ್ಲೆ ತಿಂದೀನಿ."

ಕಪ್ಪಗೆ ಮಾಗಿದ್ದೊಂದನ್ನು ಕಿತ್ತು ಅವನೆದುರೇ ಬಾಯಿಗೆ ಹಾಕಿಕೊಂಡಳು. ಮುಖ ಕಿವುಚಿದಳು. ಥೂ ಎಂದು ಉಗುಳಿ, ತುಟಿಯನ್ನು ಸೆರಗಿಗೆ ಒರೆಸಿಕೊಂಡಳು.

ಫಕೀರಪ್ಪ ಗುಳಿಗೆ ಡಬ್ಬಿ ಚಾಚಿದ. ತನ್ನ ನಾಲಗೆಗೆ ತಾನೇ ಹೇಸಿಕೊಳ್ಳುತ್ತ ನೀಲವ್ವ ಕೈಯೊಡ್ಡಿದಳು.